ಹಳೇ ಜನ್ಮದ ಪ್ರೀತಿ, ಹಳೇ ಬಂಗಲೆಯ ನೆರಳು: ನಿಮಗೆ ಹೊಂದುವ ಕೊರಿಯನ್ ಡ್ರಾಮಾ ಯಾವುದು?

ಪುನರ್ಜನ್ಮದ ಪ್ರೇಮಕಥೆ ಬೇಕು, ಜೊತೆಗೆ ಸ್ವಲ್ಪ ಭಯವೂ ಇರಬೇಕು, ಯಾವ ಕೊರಿಯನ್ ಡ್ರಾಮಾ ನೋಡಲಿ ಅಂತ ಯಾರನ್ನೇ ಕೇಳಿ, ಬರುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು 'ಗಾಬ್ಲಿನ್', ಇಲ್ಲಾಂದ್ರೆ 'ಹೋಟೆಲ್ ಡೆಲ್ ಲೂನಾ'. ಎರಡೂ ಒಳ್ಳೆಯವೇ. ಆದರೆ ಈ ಬಗೆಯ ಕಥೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ತುಂಬಾ ವ್ಯತ್ಯಾಸ ಇದೆ. ಒಂದರಲ್ಲಿ ನಗು ಜಾಸ್ತಿ, ಇನ್ನೊಂದರಲ್ಲಿ ರಕ್ತ ಜಾಸ್ತಿ. ಒಂದರಲ್ಲಿ ಪ್ರೇಮಿಗಳು ಮತ್ತೆ ಹುಟ್ಟಿ ಬರುತ್ತಾರೆ, ಇನ್ನೊಂದರಲ್ಲಿ ಹಳೇ ದ್ವೇಷ ಮತ್ತೆ ಹುಟ್ಟಿ ಬರುತ್ತದೆ. ಒಂದೊಂದು ಡ್ರಾಮಾಗೂ ಹದಿನಾರು, ಇಪ್ಪತ್ತು ಗಂಟೆ ಕೊಡಬೇಕು. ಅಷ್ಟು ಹೊತ್ತು ಕೊಡುವ ಮೊದಲು ನಮಗೆ ಬೇಕಾಗಿರುವುದು ಯಾವ ರುಚಿ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಗಾಥಿಕ್ ಅಂದರೆ ಬರೀ ದೆವ್ವದ ಕಥೆ ಅಲ್ಲ. ಒಂದು ಹಳೇ ಮನೆ ಇರುತ್ತದೆ. ಯಾವತ್ತೋ ಆದ ಒಂದು ಅನ್ಯಾಯ ಆ ಮನೆ ಬಿಟ್ಟು ಹೋಗಿರುವುದಿಲ್ಲ. ಸಾಯಬೇಕಾದವರು ಸತ್ತಿರುವುದಿಲ್ಲ. ಅಂಥಾ ಜಾಗದಲ್ಲಿ ಪ್ರೀತಿ ಹುಟ್ಟುತ್ತದೆ, ಮತ್ತು ಆ ಪ್ರೀತಿಯೇ ಭಯಕ್ಕೂ ಕಾರಣ ಆಗುತ್ತದೆ. ಕೊರಿಯಾದ ಬರಹಗಾರರು ಇದಕ್ಕೆ ಬೌದ್ಧರ ಕರ್ಮವನ್ನೂ ಪುನರ್ಜನ್ಮವನ್ನೂ ಸೇರಿಸಿದ್ದಾರೆ. ಹಾಗಾಗಿ ನಮಗೆ ಈ ಕಥೆಗಳು ಬೇಗ ಹಿಡಿಸುತ್ತವೆ. ಋಣ ತೀರದೆ ಮತ್ತೆ ಹುಟ್ಟಿ ಬಂದರು ಅಂದರೆ ಕನ್ನಡದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಟ ಯಾರು, ರೇಟಿಂಗ್ ಎಷ್ಟು ಅನ್ನುವುದನ್ನೆಲ್ಲ ಆಮೇಲೆ ನೋಡೋಣ. ಆಯ್ಕೆ ಮಾಡುವಾಗ ನಾನು ಮೊದಲು ಕೇಳುವುದು ಇಷ್ಟೇ: ಹಳೇ ಜನ್ಮ ಯಾರಿಗೆ ನೆನಪಿದೆ? ಇಡೀ ಡ್ರಾಮಾದ ರುಚಿ ಇದರಿಂದಲೇ ತೀರ್ಮಾನ ಆಗುತ್ತದೆ. ಪ್ರೇಮಿಗಳಲ್ಲಿ ಒಬ್ಬರಿಗೆ ಮಾತ್ರ ನೆನಪಿದ್ದರೆ ಅದು ಕಾಯುವ ಕಥೆ. ಯಾರಿಗೂ ಪೂರ್ತಿ ನೆನಪಿಲ್ಲದಿದ್ದರೆ ಅದು ಪತ್ತೇದಾರಿ ಕಥೆ. ಪ್ರೇಮಿಗಳಿಗೆ ಏನೂ ನೆನಪಿಲ್ಲ, ಅವರನ್ನು ಕೊಂದವಳಿಗೆ ಎಲ್ಲಾ ನೆನಪಿದೆ ಅಂದರೆ ಅಪ್ಪಟ ಗಾಥಿಕ್.

ಕಥೆಯ ಕೊನೆ, ದೊಡ್ಡ ತಿರುವು ಯಾವುದನ್ನೂ ಇಲ್ಲಿ ಬಿಟ್ಟುಕೊಡುವುದಿಲ್ಲ. ಮೊದಲ ಕೆಲವು ಎಪಿಸೋಡ್‌ಗಳಲ್ಲಿ ತಿಳಿಯುವ ಸಂಗತಿ ಮಾತ್ರ ಹೇಳುತ್ತೇನೆ.

ಖಳನಾಯಕಿಗೆ ನೆನಪಿದೆ: ಬ್ಲ್ಯಾಕ್ ನೈಟ್ (Black Knight)

ಕೆಬಿಎಸ್2 ವಾಹಿನಿಯಲ್ಲಿ 2017ರ ಡಿಸೆಂಬರ್‌ನಿಂದ 2018ರ ಫೆಬ್ರವರಿವರೆಗೆ ಬಂತು. 20 ಎಪಿಸೋಡ್. ಕಿಮ್ ರೇ-ವನ್, ಶಿನ್ ಸೆ-ಕ್ಯುಂಗ್ ಜೋಡಿ. ಇದರ ಹೆಸರು ಹೇಳುವವರು ಕಮ್ಮಿ. ಆದರೆ ಗಾಥಿಕ್ ಪ್ರೇಮಕಥೆಯೇ ಬೇಕು ಅಂತ ಹುಡುಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಜಂಗ್ ಹೆ-ರಾ ಚಿಕ್ಕವಳಿದ್ದಾಗ ಸಿರಿವಂತರ ಮನೆ ಹುಡುಗಿ. ಈಗ ಟ್ರಾವೆಲ್ ಏಜೆನ್ಸಿಯಲ್ಲಿ ದುಡಿಯುತ್ತಾಳೆ, ಚಿಕ್ಕಮ್ಮನ ಜೊತೆ ಇರುತ್ತಾಳೆ, ಸಾಲ, ಬಾಡಿಗೆ ಅಂತ ದಿನ ದೂಡುತ್ತಿರುತ್ತಾಳೆ. ಚಿಕ್ಕ ವಯಸ್ಸಿನ ಒಂದು ಕೋಟು ಅವಳ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅದನ್ನು ಹೊಲಿದದ್ದು ಶರೋನ್ ಅನ್ನುವವಳ ಬಟ್ಟೆ ಅಂಗಡಿಯಲ್ಲಿ. ಅದನ್ನು ಹುಡುಕಿಕೊಂಡು ಹೋದರೆ ಅಂಗಡಿ ಇನ್ನೂ ಇದೆ. ಶರೋನ್ ಕೂಡ ಇದ್ದಾಳೆ. ಇಷ್ಟು ವರ್ಷ ಕಳೆದರೂ ಅವಳ ಮುಖದಲ್ಲಿ ಒಂದು ಗೆರೆಯೂ ಮೂಡಿಲ್ಲ.

ಶರೋನ್ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬದುಕಿದ್ದಾಳೆ. ಜೋಸೋನ್ ರಾಜರ ಕಾಲದಲ್ಲಿ ಅವಳು ಪ್ರೀತಿಸಿದ ಗಂಡಸು ಬೇರೆ ಹೆಣ್ಣನ್ನು ಪ್ರೀತಿಸಿದ. ಆಗ ಅವಳು ಮಾಡಿದ ಪಾಪಕ್ಕೆ ಸಿಕ್ಕ ಶಿಕ್ಷೆ ಅಂದರೆ ಸಾವೇ ಬರದ ಬದುಕು. ಆ ಇಬ್ಬರೂ ಈಗ ಮತ್ತೆ ಹುಟ್ಟಿ ಬಂದಿದ್ದಾರೆ. ಅವರಿಗೆ ಏನೂ ನೆನಪಿಲ್ಲ. ಇವಳಿಗೆ ಎಲ್ಲಾ ನೆನಪಿದೆ. ಅವನ ಅಳತೆ ಹಿಡಿದು ಬಟ್ಟೆ ಹೊಲಿಯುವಾಗ ಅವಳ ಕೈ ನಡೆಯುವ ರೀತಿ ನೋಡಿ. ಪ್ರೀತಿಯೂ ಇದೆ, ಸೇಡೂ ಇದೆ, ಯಾವುದು ಎಷ್ಟು ಅಂತ ಅವಳಿಗೇ ಗೊತ್ತಿಲ್ಲ. ಸೊ ಜಿ-ಹೆ ಈ ಪಾತ್ರವನ್ನು ಅಳುಕಿಲ್ಲದೆ ಮಾಡಿದ್ದಾರೆ. ಅವಳ ಜೊತೆ ಸಾವಿಲ್ಲದೆ ಬದುಕುವ ಇನ್ನೊಬ್ಬ ಹೆಂಗಸು ಬೇಕ್-ಹೀ. ಆ ಪಾತ್ರದಲ್ಲಿ ಜಾಂಗ್ ಮಿ-ಹೀ ಇದ್ದಾರೆ. ಈ ಇಬ್ಬರೂ ಕೂತು ಮಾತಾಡುವ ದೃಶ್ಯಗಳಿಗಾಗಿಯೇ ನಾನು ಈ ಡ್ರಾಮಾ ಮತ್ತೆ ನೋಡುತ್ತೇನೆ. ಬೇಕ್-ಹೀ ತನ್ನ ತಪ್ಪನ್ನು ಒಪ್ಪಿಕೊಂಡಿದ್ದಾಳೆ, ಶರೋನ್ ಒಪ್ಪಿಕೊಂಡಿಲ್ಲ. ನೂರಾರು ವರ್ಷ ಒಂದೇ ಸೂರಿನಡಿ ಕಳೆದರೂ ಅವರ ನಡುವಿನ ಅಂತರ ಅಷ್ಟೇ ಉಳಿದಿದೆ.

ಮೊದಲ ಎಪಿಸೋಡ್‌ಗಳು ಸ್ಲೊವೇನಿಯಾದಲ್ಲಿ ನಡೆಯುತ್ತವೆ. ಹಿಮ, ಕಲ್ಲಿನ ಕೋಟೆ, ಹಳೇ ಊರಿನ ಬೀದಿಗಳು. ಕಣ್ಣಿಗೆ ಹಬ್ಬ.

ಕೊರತೆಯೂ ಇದೆ, ಅದನ್ನೂ ಹೇಳಬೇಕು. ಅರ್ಧ ದಾಟಿದ ಮೇಲೆ ಕಥೆ ಎಳೆದಾಡುತ್ತದೆ. ನಾಯಕನ ವ್ಯಾಪಾರ, ಆಸ್ತಿ ಜಗಳ ಇವೆಲ್ಲ ಶರೋನ್ ಕಥೆಯ ಮುಂದೆ ಸಪ್ಪೆ ಅನ್ನಿಸುತ್ತವೆ. ನಾಯಕನೂ ತೀರಾ ಒಳ್ಳೆಯವನು, ಅವನೊಳಗೆ ಹುಡುಕಲು ಜಾಸ್ತಿ ಏನೂ ಇಲ್ಲ. ಕಥೆ ಬಿಗಿಯಾಗಿರಬೇಕು ಅನ್ನುವವರಿಗೆ ಇದು ಕಷ್ಟ. ಖಳನಾಯಕಿಯೇ ಕಥೆಯ ಜೀವ ಆಗಿರುವ ಡ್ರಾಮಾ ಇಷ್ಟಪಡುವವರು ಬಿಡಬೇಡಿ.

ಒಬ್ಬನಿಗೆ ನೆನಪಿದೆ, ಇನ್ನೊಬ್ಬನಿಗೆ ಅಳಿಸಿಹೋಗಿದೆ: ಗಾಬ್ಲಿನ್

ಟಿವಿಎನ್ ವಾಹಿನಿ, 2016ರ ಡಿಸೆಂಬರ್ 2ರಿಂದ 2017ರ ಜನವರಿ 21ರವರೆಗೆ, 16 ಎಪಿಸೋಡ್. ಬರೆದವರು ಕಿಮ್ ಉನ್-ಸೂಕ್. ಕೊರಿಯಾದ ಕೇಬಲ್ ವಾಹಿನಿಯ ಡ್ರಾಮಾ ಒಂದು ಶೇಕಡಾ 20ರ ರೇಟಿಂಗ್ ದಾಟಿದ್ದು ಇದರಿಂದಲೇ ಶುರು.

ಕಿಮ್ ಶಿನ್ ಕೊರಿಯಾದ ಹಳೇ ಗೊರ್ಯೊ ರಾಜರ ಕಾಲದ ಸೇನಾಪತಿ. ಯುದ್ಧ ಗೆದ್ದು ಬಂದವನನ್ನು ಹೊಟ್ಟೆಕಿಚ್ಚಿನ ರಾಜ ಕೊಲ್ಲಿಸುತ್ತಾನೆ. ದೇವರು ಅವನಿಗೆ ಸಾವಿಲ್ಲದ ಬದುಕು ಕೊಡುತ್ತಾನೆ. ಅದು ವರವೂ ಹೌದು, ಯುದ್ಧದಲ್ಲಿ ಅವನು ಹರಿಸಿದ ರಕ್ತಕ್ಕೆ ಶಿಕ್ಷೆಯೂ ಹೌದು. ಎದೆಯಲ್ಲಿ ಚುಚ್ಚಿದ ಕತ್ತಿ ಹಾಗೇ ಉಳಿದಿದೆ. ಅದು ಕಾಣುವುದು ಅವನ ವಧುವಿಗೆ ಮಾತ್ರ. ಅವಳು ಅದನ್ನು ಕಿತ್ತರೆ ಅವನಿಗೆ ಮುಕ್ತಿ. ಅಂದರೆ ಸಾವು. ಒಂಬೈನೂರು ವರ್ಷ ಕಾದಿದ್ದು ಇವಳಿಗಾಗಿ, ಇವಳು ಸಿಕ್ಕ ಮೇಲೆ ಬದುಕುವ ಆಸೆ ಹುಟ್ಟುತ್ತದೆ. ಕಥೆ ಇಷ್ಟರಲ್ಲೇ ನಿಂತಿದೆ. ಗೋಂಗ್ ಯೂ, ಕಿಮ್ ಗೋ-ಉನ್ ಇಬ್ಬರೂ ಇದನ್ನು ಹೊತ್ತು ನಡೆಸಿದ್ದಾರೆ.

ಒಂದು ವಿಷಯ ಮೊದಲೇ ಗೊತ್ತಿರಲಿ. 'ಗಾಬ್ಲಿನ್' ಪುನರ್ಜನ್ಮದ ಪ್ರೇಮಕಥೆ ಅಂತ ಹೆಸರಾಗಿದ್ದರೂ, ನಾಯಕಿ ಜಿ ಉನ್-ತಕ್ ಅವನ ಹಳೇ ಜನ್ಮದ ಪ್ರೇಯಸಿ ಅಲ್ಲ. ಹಳೇ ಜನ್ಮದ ಪ್ರೀತಿ ಇರುವುದು ಎರಡನೇ ಜೋಡಿಯಲ್ಲಿ. ಅದೇ ಮನೆಯಲ್ಲಿ ಬಾಡಿಗೆಗೆ ಇರುವ ಯಮದೂತ, ಮತ್ತು ಫ್ರೈಡ್ ಚಿಕನ್ ಅಂಗಡಿ ನಡೆಸುವ ಸನ್ನಿ. ಲೀ ಡಾಂಗ್-ವುಕ್, ಯೂ ಇನ್-ನಾ. ಈ ಡ್ರಾಮಾದಲ್ಲಿ ಯಮದೂತರು ಅಂದರೆ ಹಿಂದಿನ ಜನ್ಮದಲ್ಲಿ ಘೋರ ಪಾಪ ಮಾಡಿ, ನೆನಪೆಲ್ಲ ಅಳಿಸಿಹೋದವರು. ಅವನ ಕೆಲಸ ಸತ್ತವರನ್ನು ಒಂದು ಪುಟ್ಟ ಚಹಾ ಕೋಣೆಯಲ್ಲಿ ಕೂರಿಸಿ, ಈ ಜನ್ಮ ಮರೆಯುವ ಚಹಾ ಕೊಡುವುದು. ಬೇರೆಯವರಿಗೆ ಮರೆವು ಕೊಡುವವನಿಗೆ ತನ್ನ ಹೆಸರೇ ಗೊತ್ತಿಲ್ಲ.

ಇವರಿಬ್ಬರೂ ಮೊದಲು ಎದುರಾಗುವುದು ರಸ್ತೆ ಮೇಲಿನ ಕಾಲುಸೇತುವೆಯಲ್ಲಿ. ಒಬ್ಬಳು ಮುದುಕಿ ಸಣ್ಣಪುಟ್ಟ ಸಾಮಾನು ಹರಡಿಕೊಂಡು ಕೂತಿದ್ದಾಳೆ. ಅವನು ಒಂದು ಹಸಿರು ಉಂಗುರಕ್ಕೆ ಕೈ ಚಾಚುತ್ತಾನೆ. ಅಷ್ಟರಲ್ಲಿ ಸನ್ನಿ ಬಂದು ಅದನ್ನು ಎತ್ತಿಕೊಂಡು ಬಿಡುತ್ತಾಳೆ. ತಲೆ ಎತ್ತಿ ಅವಳ ಮುಖ ನೋಡಿದ್ದೇ ತಡ, ಅವನ ಕಣ್ಣಿಂದ ನೀರು ಇಳಿಯುತ್ತದೆ. ಯಾಕೆ ಅಂತ ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮರೆತವನ ಮೈಯಲ್ಲಿ ನೆನಪು ಉಳಿದಿದೆ ಅಂತ ಇಷ್ಟು ಸರಳವಾಗಿ ತೋರಿಸಿದ ದೃಶ್ಯ ಈ ಬಗೆಯ ಬೇರೆ ಯಾವ ಡ್ರಾಮಾದಲ್ಲೂ ನಾನು ನೋಡಿಲ್ಲ.

ನಗು ಬೇಕಾದಷ್ಟಿದೆ. ಸಾವಿಲ್ಲದವನೂ ಸಾವು ತರುವವನೂ ಒಂದೇ ಅಡುಗೆಮನೆಯಲ್ಲಿ ಜಗಳ ಆಡುವುದು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಭಯ ಬೇಡ, ಕಣ್ಣೀರು ಬಂದರೂ ಪರವಾಗಿಲ್ಲ ಅನ್ನುವವರಿಗೆ ಇದು ಸರಿ. ಒಂದು ತಕರಾರು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಥೆ ಶುರುವಾಗುವಾಗ ಉನ್-ತಕ್ ಇನ್ನೂ ಹೈಸ್ಕೂಲ್ ಕೊನೆಯ ವರ್ಷದ ಹುಡುಗಿ. ಅವನು ನೋಡಲು ಮೂವತ್ತೈದರ ಮೇಲಿನವನು. ಇದು ಕೆಲವರಿಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ನನಗೂ ಮೊದಲ ಭಾಗದಲ್ಲಿ ಚುಚ್ಚಿತು. ನಿಮಗೂ ಹಾಗೆ ಅನ್ನಿಸುವ ಸಾಧ್ಯತೆ ಇದ್ದರೆ ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಕಾಯುತ್ತಾ ಕೂತವಳು: ಹೋಟೆಲ್ ಡೆಲ್ ಲೂನಾ

2019ರ ಜುಲೈ 13ರಿಂದ ಸೆಪ್ಟೆಂಬರ್ 1. ಇದೂ ಟಿವಿಎನ್, ಇದೂ 16 ಎಪಿಸೋಡ್. ಬರೆದವರು ಹಾಂಗ್ ಸಹೋದರಿಯರು. ಸತ್ತವರು ಪರಲೋಕಕ್ಕೆ ಹೋಗುವ ಮೊದಲು ತಂಗುವ ಹೋಟೆಲ್ ಇದು. ಯಜಮಾನಿ ಜಾಂಗ್ ಮನ್-ವೊಲ್. ಅವಳು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಆ ಜಾಗಕ್ಕೆ ಕಟ್ಟುಬಿದ್ದಿದ್ದಾಳೆ. ಹೋಟೆಲ್ ಒಳಗೆ ಒಂದು ದೊಡ್ಡ ಮರ, ಎಲೆ ಇಲ್ಲ, ಹೂವಿಲ್ಲ. ಅವಳ ಕಾಲ ನಿಂತುಹೋದ ದಿನವೇ ಆ ಮರದ ಕಾಲವೂ ನಿಂತಿದೆ. ಮರ ಚಿಗುರಿದರೆ ಅವಳ ಮನಸ್ಸು ಕರಗಿದೆ ಅಂತ ಅರ್ಥ. ಹೂ ಉದುರಿದರೆ ಅವಳು ಹೊರಡಬೇಕು. ಅವಳನ್ನು ಪ್ರೀತಿಸುವುದು ಅಂದರೆ ಅವಳನ್ನು ಕಳುಹಿಸಿಕೊಡುವುದು.

ಗಾಬ್ಲಿನ್‌ನ ಎರಡನೇ ಜೋಡಿಯ ಕಥೆಗಿಂತ ಇದು ಬೇರೆ ಆಗುವುದು ಇಲ್ಲಿ. ಹೋಟೆಲ್ ಮ್ಯಾನೇಜರ್ ಆಗಿ ಬರುವ ಕೂ ಚಾನ್-ಸಂಗ್ ಹಳೇ ಪ್ರಿಯಕರನ ಮರುಹುಟ್ಟು ಅಲ್ಲ. ಅವನು ಹೊಸ ಮನುಷ್ಯ. ಹಿಂದಿನ ಜನ್ಮದ ಋಣ ಹೊತ್ತು ಹುಟ್ಟಿ ಬಂದವರು ಬೇರೆ ಇದ್ದಾರೆ, ಅವರೂ ಒಬ್ಬೊಬ್ಬರಾಗಿ ಅವಳ ಕಣ್ಣಿಗೆ ಬೀಳುತ್ತಾರೆ. ಹಾಗಾಗಿ ಇಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಹಳೇ ನೋವು ತೀರದೆ ಹೊಸ ಪ್ರೀತಿಗೆ ಜಾಗ ಕೊಡಲು ಆಗುತ್ತದಾ? ಐಯು ಮನ್-ವೊಲ್ ಪಾತ್ರದಲ್ಲಿ ಸಿಡುಕು, ದುರಾಸೆ, ಒಂಟಿತನ ಮೂರನ್ನೂ ಒಂದೇ ಮುಖದಲ್ಲಿ ತರುತ್ತಾರೆ. ದುಬಾರಿ ಕಾರು, ಶಾಂಪೇನ್, ಒಂದೊಂದು ದೃಶ್ಯಕ್ಕೂ ಹೊಸ ಉಡುಪು. ಸಾವಿರ ವರ್ಷ ಖಾಲಿ ಕೂತವಳು ಹೀಗಲ್ಲದೆ ಇನ್ನು ಹೇಗೆ ಹೊತ್ತು ಕಳೆಯಬೇಕು ಹೇಳಿ?

ಹೆಚ್ಚು ಕಡಿಮೆ ಪ್ರತಿ ಎಪಿಸೋಡ್‌ನಲ್ಲೂ ಒಬ್ಬ ಅತಿಥಿಯ ಕಥೆ ಇರುತ್ತದೆ. ಏನೋ ಒಂದು ಆಸೆ ತೀರದೆ ಸತ್ತವರು ಅವರೆಲ್ಲ. ಹೋಟೆಲ್‌ನ ಸಿಬ್ಬಂದಿಗೂ ಒಬ್ಬೊಬ್ಬರಿಗೆ ಒಂದೊಂದು ಕಥೆ ಇದೆ: ಜೋಸೋನ್ ಕಾಲದ ವಿದ್ವಾಂಸ ಬಾರ್ ನೋಡಿಕೊಳ್ಳುತ್ತಾನೆ, ಕೊರಿಯಾ ಯುದ್ಧದ ಹೊತ್ತಿನಲ್ಲಿ ಸತ್ತ ಹುಡುಗ ಫ್ರಂಟ್ ಡೆಸ್ಕ್‌ನಲ್ಲಿದ್ದಾನೆ. ದಿನಕ್ಕೊಂದು ನೋಡುವವರಿಗೆ ಈ ರಚನೆ ಅನುಕೂಲ. ಆದರೆ ಮುಖ್ಯ ಜೋಡಿಯ ಕಥೆ ಬೇಗ ಬೇಗ ಮುಂದೆ ಹೋಗಲಿ ಅನ್ನುವವರಿಗೆ ಈ ಅತಿಥಿಗಳು ಅಡ್ಡ ಬಂದ ಹಾಗೆ ಕಾಣಬಹುದು. ಭಯ ಗಾಬ್ಲಿನ್‌ಗಿಂತ ಜಾಸ್ತಿ. 13ನೇ ನಂಬರ್ ಕೋಣೆಯ ದೆವ್ವ ಬರುವ ಭಾಗವನ್ನು ಚಿಕ್ಕ ಮಕ್ಕಳ ಜೊತೆ ನೋಡಬೇಡಿ.

ಈ ಎರಡೂ ಡ್ರಾಮಾಗಳ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹೋಟೆಲ್‌ನ ಹೊರ ಮುಖ ಅಂತ ತೋರಿಸುವ ಕೆಂಪು ಇಟ್ಟಿಗೆ ಕಟ್ಟಡ ಇರುವುದು ದಕ್ಷಿಣ ಕೊರಿಯಾದ ಮೊಕ್ಪೊ ಊರಿನಲ್ಲಿ. 1900ರಲ್ಲಿ ಜಪಾನಿನ ಕಾನ್ಸುಲೇಟ್‌ಗಾಗಿ ಕಟ್ಟಿದ್ದು, ಈಗ ಆ ಊರಿನ ಇತಿಹಾಸದ ಮ್ಯೂಸಿಯಂ. ಕಿಮ್ ಶಿನ್‌ನ ಮನೆಯಾಗಿ ಕಾಣುವುದು ಸೋಲ್ ನಗರದ ಉನ್ಹ್ಯೊನ್‌ಗುಂಗ್ ಅರಮನೆಗೆ ಸೇರಿದ್ದ ಪಾಶ್ಚಾತ್ಯ ಶೈಲಿಯ ಬಂಗಲೆ. ಅದೂ ಜಪಾನ್ ಕೊರಿಯಾದ ಮೇಲೆ ಹಿಡಿತ ಸಾಧಿಸಿದ ಕಾಲದ ಕಟ್ಟಡ. ಕೊರಿಯಾದಲ್ಲಿ ದೆವ್ವ ಇರುವ ಮನೆ ತೋರಿಸಬೇಕು ಅಂದಾಗ ಕ್ಯಾಮೆರಾ ಹೋಗಿ ನಿಲ್ಲುವುದು ಇಂಥಾ ಗೋಡೆಗಳ ಮುಂದೆ. ಗಾಬ್ಲಿನ್, ಡೆಲ್ ಲೂನಾ ಎರಡೂ ಆ ಕಾಲವನ್ನು ಹಿನ್ನೆಲೆಯಾಗಿ ಬಿಟ್ಟು ಮುಂದೆ ಹೋಗುತ್ತವೆ. ನೇರವಾಗಿ ಆ ಕಾಲದ ಒಳಗೇ ಇಳಿಯುವ ಡ್ರಾಮಾ ಒಂದಿದೆ.

ಯಾರಿಗೂ ಪೂರ್ತಿ ನೆನಪಿಲ್ಲ: ಚಿಕಾಗೋ ಟೈಪ್‌ರೈಟರ್

2017ರ ಏಪ್ರಿಲ್ 7ರಿಂದ ಜೂನ್ 3, 16 ಎಪಿಸೋಡ್. ಕೊರಿಯಾದಲ್ಲಿ ಬಂದಾಗ ನೋಡಿದವರು ಕಮ್ಮಿ, ರೇಟಿಂಗ್ ಏಳಲೇ ಇಲ್ಲ. ನನ್ನ ಲೆಕ್ಕದಲ್ಲಿ ಈ ಪಟ್ಟಿಯಲ್ಲೇ ಶ್ರೇಷ್ಠವಾದದ್ದು ಇದು. ಜೋರು ದನಿಯಲ್ಲಿ ಹೇಳಬೇಕಾದ ಮಾತು ಇದು ಅಂತ ನನಗೆ ಅನ್ನಿಸುತ್ತದೆ.

ಹಾನ್ ಸೆ-ಜೂ ಪುಸ್ತಕಗಳು ರಾಶಿ ರಾಶಿ ಮಾರಾಟ ಆಗುವ ಕಾದಂಬರಿಕಾರ. ಬರೆಯಲು ಕೂತರೆ ಒಂದು ಸಾಲೂ ಬರದ ಹೊತ್ತು. ಆಗ ಚಿಕಾಗೋದಿಂದ ಒಂದು ಹಳೇ ಟೈಪ್‌ರೈಟರ್ ಅವನ ಮನೆಗೆ ಬರುತ್ತದೆ. ಅದರ ಜೊತೆ ಯೂ ಜಿನ್-ಓ ಅನ್ನುವ ಯುವಕನೂ ಬರುತ್ತಾನೆ, ಅವನ ಬದಲು ಬರೆದು ಕೊಡಲು. ಮೂರನೆಯವಳು ಜಿಯೊನ್ ಸೊಲ್, ಪಶುವೈದ್ಯೆ, ಸೆ-ಜೂ ಪುಸ್ತಕಗಳ ಹುಚ್ಚು ಅಭಿಮಾನಿ. ಒಂದು ಕಾಲಕ್ಕೆ ಗುರಿ ತಪ್ಪದ ಶೂಟರ್ ಆಗಿದ್ದವಳು ಬಂದೂಕು ಹಿಡಿಯುವುದನ್ನೇ ಬಿಟ್ಟಿದ್ದಾಳೆ. ಕಾರಣ, ಕೈಗೆ ಬಂದೂಕು ಬಂದ ತಕ್ಷಣ ಯಾರನ್ನೋ ಕೊಂದ ಹಾಗೆ ಕಣ್ಣ ಮುಂದೆ ಬರುತ್ತದೆ.

ಹಳೇ ಜನ್ಮ ನಡೆದದ್ದು 1930ರ ದಶಕದಲ್ಲಿ, ಜಪಾನಿನ ಆಳ್ವಿಕೆಯ ಗ್ಯೊಂಗ್‌ಸೊಂಗ್‌ನಲ್ಲಿ. ಇವತ್ತಿನ ಸೋಲ್ ನಗರಕ್ಕೆ ಆಗಿದ್ದ ಹೆಸರು ಅದು. ಮೂವರೂ ಗುಪ್ತವಾಗಿ ಸ್ವಾತಂತ್ರ್ಯ ಹೋರಾಟ ನಡೆಸಿದವರು. ಮೂವರಲ್ಲಿ ಯಾರೋ ಯಾರಿಗೋ ದ್ರೋಹ ಮಾಡಿದ್ದಾರೆ, ಯಾರೋ ಯಾರನ್ನೋ ಕೊಂದಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಚೂರು ಮಾತ್ರ ನೆನಪಿಗೆ ಬರುತ್ತದೆ. ಆ ಚೂರುಗಳನ್ನು ಸೇರಿಸಿ ಸೆ-ಜೂ ಕಾದಂಬರಿ ಬರೆಯುತ್ತಾ ಹೋಗುತ್ತಾನೆ, ನಾವೂ ಅವನ ಜೊತೆ ಒಂದೊಂದೇ ಪುಟ ತಿರುಗಿಸುತ್ತೇವೆ.

ಬೇರೆ ಡ್ರಾಮಾಗಳಲ್ಲಿ ಹಳೇ ಜನ್ಮದ ದುರಂತಕ್ಕೆ ಕಾರಣ ಒಬ್ಬ ರಾಜ, ಒಬ್ಬ ಕೆಟ್ಟ ಮಂತ್ರಿ, ಒಬ್ಬಳ ಹೊಟ್ಟೆಕಿಚ್ಚು. ಇಲ್ಲಿ ಕಾರಣ ಗುಲಾಮಗಿರಿ. ಪ್ರೀತಿ ಇದೆ ಅಂತ ಗೊತ್ತಿದ್ದೂ ಬಾಯಿ ಬಿಡದೆ ಇರಬೇಕು, ದೇಶಕ್ಕೆ ಬಿಡುಗಡೆ ಸಿಗುವ ತನಕ. ಇವರು ಅದನ್ನು ನೋಡಲು ಉಳಿದಿರಲಿಲ್ಲ. ಸ್ವಾತಂತ್ರ್ಯ ಬಂದ ನಾಡಿನಲ್ಲಿ ಮತ್ತೆ ಹುಟ್ಟಿ, ಸಂಜೆ ಹೊತ್ತು ಬೀದಿಯಲ್ಲಿ ಸುಮ್ನೆ ಓಡಾಡುವ ಜನರನ್ನು ನೋಡುವುದೇ ಇವರಿಗೆ ದೊಡ್ಡ ಉಡುಗೊರೆ. ಬ್ರಿಟಿಷರ ಕಾಲದ ಕಥೆ ಕೇಳಿ ಬೆಳೆದ ನಮ್ಮಂಥವರಿಗೆ ಇದು ಎದೆಗೆ ನೇರವಾಗಿ ತಾಗುತ್ತದೆ. ಪುನರ್ಜನ್ಮ ಇಲ್ಲಿ ಪ್ರೇಮಿಗಳ ಭೇಟಿಗೆ ಒಂದು ನೆಪ ಆಗಿ ಉಳಿದಿಲ್ಲ, ನ್ಯಾಯದ ಪ್ರಶ್ನೆಯೇ ಆಗಿದೆ. ಯೂ ಆ-ಇನ್, ಇಮ್ ಸೂ-ಜಂಗ್ ಚೆನ್ನಾಗಿ ಮಾಡಿದ್ದಾರೆ. ಆದರೆ ಮನಸ್ಸು ಕದಿಯುವುದು ಜಿನ್-ಓ ಆಗಿರುವ ಗೋ ಕ್ಯುಂಗ್-ಪ್ಯೋ.

ಎಚ್ಚರಿಕೆ ಒಂದೇ. ಶುರುವಿನ ಎಪಿಸೋಡ್‌ಗಳು ಹಗುರ ಹಾಸ್ಯದ ಧಾಟಿಯಲ್ಲಿವೆ, ಅಲ್ಲಲ್ಲಿ ಅಡ್ಡಾದಿಡ್ಡಿ ಕೂಡ. ಅಷ್ಟಕ್ಕೇ ಬೇಸರಪಟ್ಟು ಬಿಟ್ಟವರು ತುಂಬಾ ಜನ. ಐದನೇ ಎಪಿಸೋಡ್ ದಾಟುವ ತನಕ ತಾಳ್ಮೆ ಇಟ್ಟುಕೊಳ್ಳಿ.

ದ್ವೇಷ ನೆನಪಿದೆ: ಬುಲ್ಗಾಸಲ್

ಕತ್ತಲು ಎಷ್ಟಿದ್ದರೂ ಸರಿ ಅನ್ನುವವರಿಗೆ ಮಾತ್ರ. 2021ರ ಡಿಸೆಂಬರ್ 18ರಿಂದ 2022ರ ಫೆಬ್ರವರಿ 6, ಟಿವಿಎನ್, 16 ಎಪಿಸೋಡ್. ಹೊರದೇಶದವರಿಗೆ ನೆಟ್‌ಫ್ಲಿಕ್ಸ್ ಮೂಲಕ ಬಂತು. ಬುಲ್ಗಾಸಲ್ ಅಂದರೆ ರಕ್ತ ಕುಡಿದು ಬದುಕುವ, ಸಾವಿಲ್ಲದ ಜೀವಿ. ಆರುನೂರು ವರ್ಷದ ಹಿಂದೆ ಮನುಷ್ಯನಾಗಿದ್ದ ದಾನ್ ಹ್ವಾಲ್ ಹೆಂಡತಿ ಮಗನನ್ನು ಕಳೆದುಕೊಂಡು ಇಂಥಾ ಜೀವಿ ಆಗುತ್ತಾನೆ. ಇದಕ್ಕೆಲ್ಲ ಕಾರಣ ಅಂತ ಅವನು ನಂಬಿದ ಹೆಂಗಸು ಮನುಷ್ಯಳಾಗಿ ಮತ್ತೆ ಮತ್ತೆ ಹುಟ್ಟುತ್ತಾಳೆ, ಅವನು ಅವಳನ್ನು ಹುಡುಕುತ್ತಾ ಅಲೆಯುತ್ತಾನೆ. ಕೊಲ್ಲಲು.

ಇದರಲ್ಲಿ ನನಗೆ ಹಿಡಿಸಿದ್ದು ಸಂಬಂಧಗಳು ಅದಲು ಬದಲಾಗುವ ರೀತಿ. ಹಿಂದಿನ ಜನ್ಮದ ಹೆಂಡತಿ ಈ ಜನ್ಮದಲ್ಲಿ ನಾಯಕಿಯ ತಂಗಿ. ಶತ್ರು ಅಂದುಕೊಂಡವಳ ಮನೆಯಲ್ಲೇ ತನ್ನವರು ಇದ್ದಾರೆ. ಎಲ್ಲರೂ ಒಂದೇ ಸೂರಿನಡಿ ಸೇರಿ ಊಟ ಮಾಡುವ ದೃಶ್ಯಗಳಲ್ಲಿ, ಅವನೊಬ್ಬನಿಗೆ ಇದು ಎರಡನೇ ಸಲ. ಪ್ರೀತಿ ಬಾಯಿ ಬಿಟ್ಟು ಹೇಳುವುದು ತೀರಾ ಕಮ್ಮಿ. ಲೀ ಜಿನ್-ವುಕ್, ಕ್ವಾನ್ ನಾರಾ ಇಬ್ಬರ ನಡುವೆ ಹಿಡಿ ಮಾತು ಇಲ್ಲ ಅನ್ನುವಷ್ಟು ಮೌನ. ಕೈ ಹಿಡಿಯುವುದು, ಮಳೆಯಲ್ಲಿ ಕೊಡೆ, ಹಾಡು ಇದೆಲ್ಲ ಬೇಕು ಅನ್ನುವವರಿಗೆ ಇದು ಒಣ ಅನ್ನಿಸುತ್ತದೆ. ನಡಿಗೆಯೂ ನಿಧಾನ, ಹೇಳಿದ್ದನ್ನೇ ಹೇಳುವ ಭಾಗಗಳಿವೆ. ಕೊರಿಯಾದ ಜನಪದದಿಂದ ಬಂದ ರಾಕ್ಷಸರು ಒಬ್ಬೊಬ್ಬರಾಗಿ ಎದುರಾಗುತ್ತಾರೆ, ಅವರು ನಿಜಕ್ಕೂ ಭಯ ಹುಟ್ಟಿಸುತ್ತಾರೆ. ರಾತ್ರಿ ಒಬ್ಬರೇ ಕೂತು ನೋಡುವ ಮೊದಲು ಯೋಚಿಸಿ.

ಕತ್ತಲು ಕಮ್ಮಿ ಇರಲಿ ಅಂದರೆ

'ಸೀ ಯೂ ಇನ್ ಮೈ ನೈಂಟೀಂತ್ ಲೈಫ್' 2023ರದ್ದು. 12 ಎಪಿಸೋಡ್, ವೆಬ್‌ಟೂನ್ (ಇಂಟರ್ನೆಟ್‌ನಲ್ಲಿ ಬರುವ ಚಿತ್ರಕಥೆ) ಆಧಾರಿತ. ನೆನಪಿನ ಪ್ರಶ್ನೆಗೆ ಇಲ್ಲಿ ನೇರ ಉತ್ತರ: ನಾಯಕಿ ಬಾನ್ ಜಿ-ಉಮ್‌ಗೆ ಹಿಂದಿನ ಎಲ್ಲಾ ಜನ್ಮಗಳೂ ನೆನಪಿವೆ. ಹದಿನೆಂಟನೇ ಜನ್ಮದಲ್ಲಿ ಚಿಕ್ಕ ಹುಡುಗಿಯಾಗಿ ಸತ್ತವಳು, ಆಗ ಜೊತೆಗಿದ್ದ ಹುಡುಗನನ್ನು ಹುಡುಕಿಕೊಂಡು ಬರುತ್ತಾಳೆ. ಗಾಥಿಕ್ ಅಂಶ ತೆಳು. ಆದರೆ ಒಂದು ಸಂಬಂಧಕ್ಕಾಗಿ ಇದನ್ನು ನೋಡಬೇಕು. ಕಿಮ್ ಏ-ಕ್ಯುಂಗ್ ಅನ್ನುವ ನಡುವಯಸ್ಸಿನ ಹೆಂಗಸು ಚಿಕ್ಕ ವಯಸ್ಸಿನ ಜಿ-ಉಮ್‌ಳನ್ನು ಚಿಕ್ಕಪ್ಪ ಅಂತ ಕರೆಯುತ್ತಾಳೆ. ಹದಿನೇಳನೇ ಜನ್ಮದಲ್ಲಿ ಇವಳು ಅವಳಿಗೆ ನಿಜವಾಗಿಯೂ ಚಿಕ್ಕಪ್ಪನೇ ಆಗಿದ್ದ. ಇಬ್ಬರೂ ಅದನ್ನು ಸಹಜವಾಗಿ ಒಪ್ಪಿಕೊಂಡು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಪ್ರೇಮಕಥೆಗಿಂತ ನನಗೆ ಈ ಜೋಡಿಯೇ ಹೆಚ್ಚು ಹತ್ತಿರ ಅನ್ನಿಸಿತು.

'ಟೇಲ್ ಆಫ್ ದ ನೈನ್ ಟೇಲ್ಡ್' 2020ರದ್ದು, 16 ಎಪಿಸೋಡ್. ಒಂಬತ್ತು ಬಾಲದ ನರಿ, ಒಂದು ಕಾಲದ ಬೆಟ್ಟದ ದೇವರು, ಸತ್ತ ಪ್ರೇಯಸಿ ಮತ್ತೆ ಹುಟ್ಟಿ ಬರಲಿ ಅಂತ ನೂರಾರು ವರ್ಷ ಕಾಯುತ್ತಾನೆ. ಗಾಬ್ಲಿನ್‌ನ ಯಮದೂತ ಲೀ ಡಾಂಗ್-ವುಕ್ ಇಲ್ಲಿ ನಾಯಕ. ಹೊಡೆದಾಟ ಜಾಸ್ತಿ, ಅಣ್ಣ ತಮ್ಮಂದಿರ ಕಥೆ ಗಟ್ಟಿ, ಪ್ರೇಮಕಥೆ ಸಾಧಾರಣ.

'ಮೈ ಡೀಮನ್' ಮತ್ತು 'ದ ಲೆಜೆಂಡ್ ಆಫ್ ದ ಬ್ಲೂ ಸೀ' ಎರಡರಲ್ಲೂ ಜೋಸೋನ್ ಕಾಲದ ಹಳೇ ಜನ್ಮ ಬರುತ್ತದೆ. ಎರಡೂ ಮೂಲತಃ ನಗಿಸುವ ಪ್ರೇಮಕಥೆಗಳು. ನೆರಳು ಹುಡುಕಿಕೊಂಡು ಹೋದವರಿಗೆ ಅಲ್ಲಿ ಬರೀ ಬಿಸಿಲು ಸಿಗುತ್ತದೆ.

ಕೂರುವ ಮೊದಲು

ಪುನರ್ಜನ್ಮದ ಡ್ರಾಮಾದಲ್ಲಿ ಒಬ್ಬೊಬ್ಬರಿಗೆ ಎರಡೆರಡು ಹೆಸರು. ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡುವಾಗ ಇದು ತಲೆ ತಿನ್ನುತ್ತದೆ. ಬ್ಲ್ಯಾಕ್ ನೈಟ್‌ನ ಶರೋನ್ ಹಳೇ ಕಾಲದಲ್ಲಿ ಸೊ-ರಿನ್, ಹೆ-ರಾ ಆಗ ಬುನ್-ಯಿ. ಚಿಕಾಗೋ ಟೈಪ್‌ರೈಟರ್‌ನಲ್ಲಿ ಸೆ-ಜೂ ಹಿಂದಿನ ಜನ್ಮದಲ್ಲಿ ಸೊ ಹ್ವಿ-ಯಂಗ್, ಸೊಲ್ ಆಗ ರ್ಯು ಸೂ-ಹ್ಯುನ್. ಇಷ್ಟು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಅಪ್ಪ ಅಮ್ಮನ ಜೊತೆ ಕೂತು ನೋಡುವವರಿಗೆ ಗಾಬ್ಲಿನ್ ಅಥವಾ ಹತ್ತೊಂಬತ್ತನೇ ಜನ್ಮದ ಕಥೆ ಸಲೀಸು.

ಮೂರು ಡ್ರಾಮಾ ನೋಡುವಷ್ಟು ಬಿಡುವಿದೆ ಅಂದರೆ, ನನ್ನ ಸಲಹೆ ಈ ಸಾಲು: ಮೊದಲು ಹೋಟೆಲ್ ಡೆಲ್ ಲೂನಾ, ಆಮೇಲೆ ಬ್ಲ್ಯಾಕ್ ನೈಟ್, ಕೊನೆಗೆ ಚಿಕಾಗೋ ಟೈಪ್‌ರೈಟರ್. ಮೊದಲನೆಯದರಲ್ಲಿ ನೊಂದವಳು ನೆನಪು ಹೊತ್ತು ಕೂತಿದ್ದಾಳೆ. ಎರಡನೆಯದರಲ್ಲಿ ನೋಯಿಸಿದವಳು ಕೂತಿದ್ದಾಳೆ. ಇಬ್ಬರನ್ನೂ ಬೆನ್ನು ಬೆನ್ನಿಗೆ ನೋಡಿದಾಗ ಮನ್-ವೊಲ್ ಮತ್ತು ಶರೋನ್ ಎಷ್ಟು ಹತ್ತಿರದವರು ಅಂತ ತಿಳಿಯುತ್ತದೆ. ಇಬ್ಬರಿಗೂ ವಯಸ್ಸಾಗುವುದಿಲ್ಲ, ಇಬ್ಬರಿಗೂ ಬಟ್ಟೆಯ ಮೇಲೆ ಪ್ರಾಣ, ಇಬ್ಬರಿಗೂ ಹಳೇದನ್ನು ಬಿಟ್ಟು ಹೋಗಲು ಆಗುವುದಿಲ್ಲ. ಗಾಬ್ಲಿನ್ ಆಗಲೇ ನೋಡಿ ಮುಗಿಸಿದವರು ನೇರವಾಗಿ ಚಿಕಾಗೋ ಟೈಪ್‌ರೈಟರ್‌ಗೆ ಹೋಗಬಹುದು, ಯಮದೂತನ ಕಥೆ ಇಷ್ಟ ಆಗಿದ್ದರೆ ಇನ್ನೂ ಒಳ್ಳೆಯದು. ಅಲ್ಲೂ ತಾನು ಏನು ಮಾಡಿದೆ, ತನಗೆ ಯಾರು ಏನು ಮಾಡಿದರು ಅಂತ ಗೊತ್ತಿಲ್ಲದೆ ಹುಡುಕುವವನು ಒಬ್ಬ ಇದ್ದಾನೆ. ಅವನಿಗೆ ಸಿಗುವ ಉತ್ತರ ಮಾತ್ರ ಬೇರೆ ಥರದ್ದು.